ಮಳೆ ಬಿದ್ದದ್ದು ನಿನ್ನೆಯೋ, ಇವತ್ತೋ?

ನಮ್ಮ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಡೈರಿ ಹೊಸದೇನಲ್ಲ. ಬೆಳಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ ಎಂದು ತಾರೀಖಿನ ಮುಂದೆ ಬರೆದಿಡುತ್ತಾರೆ. ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಗಿಡ ಬೆಳ್ಳಗಾಗುತ್ತದೆ. ಆಮೇಲಿನ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಚ್ಚಬೇಕು. ಆ ದಿನಗಳ ಲೆಕ್ಕಕ್ಕೆಲ್ಲ ತಾರೀಖೇ ಆಧಾರ.

ಈ ಡೈರಿಯನ್ನೇ ವೆಬ್‌ಸೈಟ್ ಮಾಡೋಣ ಎಂದು ನಮ್ಮಂಥ ಬಿಇ ಹುಡುಗರು ಪಿಎಚ್‌ಪಿ ಬರೆಯಲು ಕೂತರೆ ತಾರೀಖೇ ಮೊದಲ ತೊಡಕು. ಕಂಪ್ಯೂಟರ್ ಇಡುವುದು ಸೆಕೆಂಡುಗಳ ಎಣಿಕೆ. ಯುನಿಕ್ಸ್ ಟೈಮ್‌ಸ್ಟ್ಯಾಂಪ್ ಶುರುವಾಗುವುದು 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಗೆ. ನಮ್ಮಲ್ಲಿ ಆಗ ಬೆಳಗ್ಗೆ 5.30. ಪರದೆಯ ಮೇಲೆ ಇದ್ದಕ್ಕಿದ್ದಂತೆ 1970 ಕಂಡರೆ, ಪಿಎಚ್‌ಪಿಗೆ ನಿಮ್ಮ ತಾರೀಖು ಅರ್ಥವಾಗದೆ ಅದು ಸೊನ್ನೆ ಎಂದುಕೊಂಡಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಟೈಮ್‌ಝೋನ್ ಹೇಳದಿದ್ದರೆ ಪಿಎಚ್‌ಪಿ ಯುಟಿಸಿಯನ್ನೇ ಹಿಡಿಯುತ್ತದೆ. ಜುಲೈ 1ರ ನಸುಕಿನ 2 ಗಂಟೆಗೆ ಸುರಿದ ಮಳೆ ಜೂನ್ 30ರ ರಾತ್ರಿ 8.30 ಎಂದು ಕಾಣುತ್ತದೆ. ತಾರೀಖಷ್ಟೇ ಅಲ್ಲ, ತಿಂಗಳ ಮೊತ್ತವೂ ತಪ್ಪಿತು! ಪರಿಹಾರ ಸರಳ: ಡೇಟಾಬೇಸ್‌ನಲ್ಲಿ ಯುಟಿಸಿಯೇ ಇರಲಿ, ತೋರಿಸುವಾಗ ಮಾತ್ರ ‘ಏಷ್ಯಾ/ಕೋಲ್ಕತಾ’ ಎಂದು ಹೇಳಿ ಡೇಟ್‌ಟೈಮ್‌ನಿಂದ ಬದಲಾಯಿಸಿ. ಮೈಎಸ್‌ಕ್ಯುಎಲ್‌ನ ಟೈಮ್‌ಸ್ಟ್ಯಾಂಪ್ ಕಾಲಂ ಟೈಮ್‌ಝೋನ್ ನೋಡಿ ತಾನೇ ಬದಲಾಗುತ್ತದೆ, ಡೇಟ್‌ಟೈಮ್ ಕಾಲಂ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟಾದರೂ ಕೆಲಸ ಮುಗಿಯದು. ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದು ಮಧ್ಯರಾತ್ರಿಗಲ್ಲ, ಬೆಳಗ್ಗೆ 8.30ಕ್ಕೆ. ಹಿಂದಿನ 24 ಗಂಟೆಯ ಮಳೆಯೆಲ್ಲ ಆ ಬೆಳಗಿನ ತಾರೀಖಿಗೇ ಸೇರುತ್ತದೆ. ಹಾಗಾಗಿ ಏಪ್ರಿಲ್ 2ರ ಸಂಜೆ 5ಕ್ಕೆ ಬಿದ್ದ ಮಳೆ ಇಲಾಖೆಯ ಲೆಕ್ಕದಲ್ಲಿ ಏಪ್ರಿಲ್ 3ರದ್ದು. ಇದನ್ನು ಯಾವ ಟೈಮ್‌ಝೋನ್ ಸೆಟ್ಟಿಂಗೂ ನಮಗೆ ಮಾಡಿಕೊಡುವುದಿಲ್ಲ. ನಾವೇ ಕೋಡ್ ಬರೆಯಬೇಕು.

ಆದ್ದರಿಂದ ಲ್ಯಾಪ್‌ಟಾಪ್ ತೆರೆಯುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ‘ನೀವು ಎಷ್ಟು ಗಂಟೆಗೆ ಮಳೆ ಅಳೀತೀರಿ? ಯಾವ ತಾರೀಖಿಗೆ ಬರೀತೀರಿ?’ ಒಂದು ಮನೆಯಲ್ಲಿ ನಿನ್ನೆಯದಕ್ಕೆ, ಪಕ್ಕದ ಮನೆಯಲ್ಲಿ ಇವತ್ತಿನದಕ್ಕೆ ಬರೆಯುವ ರೂಢಿ ಇದ್ದರೆ ಎರಡನ್ನೂ ಒಂದೇ ಪಟ್ಟಿಗೆ ಸೇರಿಸುವಂತಿಲ್ಲ. ಆ ಉತ್ತರ ಸಿಕ್ಕಿದ ಮೇಲೆ ಕೋಡ್ ಬರೆಯುವುದು ನಾಲ್ಕು ಸಾಲಿನ ಕೆಲಸ.