ಅಳಿಸಿದ ಮೇಲ್ ಎಲ್ಲಿಗೆ ಹೋಗುತ್ತೆ?

ನಮ್ಮ ಆಫೀಸಿನಲ್ಲಿ ನನ್ನದು ಸರ್ವರ್ರು, ಬ್ಯಾಕಪ್ಪು ನೋಡಿಕೊಳ್ಳುವ ಕೆಲಸ. ವರ್ಷಕ್ಕೆ ಒಂದೆರಡು ಸಲ ಲೀಗಲ್ ಡಿಪಾರ್ಟ್‌ಮೆಂಟಿನಿಂದ ಒಂದು ಮೇಲ್ ಬರುತ್ತೆ: ಇಂಥಿಂಥವರ ಮೇಲ್‌ಬಾಕ್ಸು, ಫೈಲು, ಚಾಟು ಯಾವುದನ್ನೂ ಅಳಿಸಬೇಡಿ, ತಾನಾಗೇ ಅಳಿಸಿಹೋಗೋದನ್ನೂ ನಿಲ್ಲಿಸಿ ಅಂತ. ಇದಕ್ಕೆ ಇಲ್ಲಿ 'ಲಿಟಿಗೇಷನ್ ಹೋಲ್ಡ್' ಅಂತಾರೆ. ಯಾಕೆ ಅಂತ ಅವರು ಹೇಳೋದಿಲ್ಲ, ನಾವೂ ಕೇಳೋದಿಲ್ಲ. ಪಟ್ಟಿಯಲ್ಲಿ ಮೊನ್ನೆ ಮೊನ್ನೆ ಕೆಲಸ ಕಳಕೊಂಡವರ ಹೆಸರಿದ್ದರೆ ಊಹಿಸೋದೇನೂ ಕಷ್ಟವಲ್ಲ ಬಿಡಿ.

ಈ ಪುಟ್ಟ ಮೇಲ್‌ಗೆ ಇಷ್ಟೊಂದು ತೂಕ ಬರೋದಕ್ಕೆ ಒಬ್ಬ ಹೆಣ್ಣುಮಗಳ ಹಠ ದೊಡ್ಡ ಕಾರಣ. ಲಾರಾ ಝುಬುಲೇಕ್ ಯುಬಿಎಸ್ ವಾರ್‌ಬರ್ಗ್ ಬ್ಯಾಂಕಿನಲ್ಲಿ ಏಷ್ಯಾದ ಷೇರುಗಳನ್ನು ಮಾರುವ ವಿಭಾಗದಲ್ಲಿದ್ದವರು. ಹೆಂಗಸು ಅನ್ನೋ ಕಾರಣಕ್ಕೆ ತನಗೆ ಅನ್ಯಾಯ ಆಗ್ತಿದೆ ಅಂತ 2001ರ ಆಗಸ್ಟ್‌ನಲ್ಲಿ ಸರ್ಕಾರದ ಇಇಒಸಿಗೆ ದೂರು ಕೊಟ್ಟರು. ಅಕ್ಟೋಬರ್‌ನಲ್ಲಿ ಕೆಲಸ ಹೋಯಿತು. 2002ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು.

ಸಂಬಂಧಪಟ್ಟ ಮೇಲ್‌ಗಳನ್ನೆಲ್ಲ ಕೊಡಿ ಅಂದಾಗ ಬ್ಯಾಂಕು ಕೊಟ್ಟದ್ದು ಸುಮಾರು ನೂರು ಪುಟ. ತಮಾಷೆ ಏನು ಗೊತ್ತಾ? ಆಕೆಯ ಹತ್ತಿರವೇ ಸುಮಾರು 450 ಪುಟ ಇತ್ತು! ಉಳಿದದ್ದೆಲ್ಲ ಹಳೆಯ ಬ್ಯಾಕಪ್ ಟೇಪುಗಳಲ್ಲಿದೆ, ತೆಗೆಯೋದಕ್ಕೆ ತುಂಬಾ ಖರ್ಚಾಗುತ್ತೆ ಅಂತ ಬ್ಯಾಂಕಿನ ವಾದ. ನ್ಯಾಯಾಧೀಶೆ ಶಿರಾ ಶೈಂಡ್ಲಿನ್, ಇರೋ 77 ಟೇಪಿನಲ್ಲಿ ಐದನ್ನು ಮೊದಲು ತೆಗೆದು ನೋಡೋಣ ಅಂದರು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತೀವಲ್ಲ, ಹಾಗೆ. ಆ ಐದರಲ್ಲೇ ಕೇಸಿಗೆ ಸಂಬಂಧಪಟ್ಟ 600 ಮೇಲ್ ಸಿಕ್ಕವು. ಉಳಿದ ಟೇಪುಗಳನ್ನು ತೆಗೆದು ಹುಡುಕುವ ಖರ್ಚಿನಲ್ಲಿ ಮುಕ್ಕಾಲು ಪಾಲು ಬ್ಯಾಂಕಿಗೆ, ಕಾಲು ಪಾಲು ಆಕೆಗೆ ಅಂತ 2003ರಲ್ಲಿ ಆದೇಶವಾಯಿತು.

ಟೇಪು ತೆರೆದಾಗಲೇ ಇನ್ನೊಂದು ಗುಟ್ಟು ರಟ್ಟಾಗಿದ್ದು. ಏನನ್ನೂ ಅಳಿಸಬೇಡಿ ಅಂತ ವಕೀಲರು ಹೇಳಿದ ಮೇಲೂ ಕೆಲವರು ಮೇಲ್ ಅಳಿಸಿದ್ದರು. ಕೆಲವು ಟೇಪುಗಳು ಕಾಣೆಯಾಗಿದ್ದವು. ದೂರು ಬಂದಿದ್ದು ಆಗಸ್ಟ್‌ನಲ್ಲಾದರೂ ಆಕೆ ಕೋರ್ಟಿಗೆ ಹೋಗಬಹುದು ಅಂತ ಸಹೋದ್ಯೋಗಿಗಳಿಗೆ ಏಪ್ರಿಲ್‌ನಲ್ಲೇ ಅನ್ನಿಸಿತ್ತು, ಹಾಗಾಗಿ ಉಳಿಸಿಕೊಳ್ಳುವ ಹೊಣೆಯೂ ಆಗಿನಿಂದಲೇ ಶುರು ಅಂದರು ಶೈಂಡ್ಲಿನ್. ಅಳಿಸಿಹೋದ ಮೇಲ್‌ಗಳಲ್ಲಿ ಬ್ಯಾಂಕಿಗೆ ವಿರುದ್ಧವಾದದ್ದೇ ಇತ್ತು ಅಂತ ಜ್ಯೂರಿ ಊಹಿಸಬಹುದು ಅಂತಲೂ 2004ರಲ್ಲಿ ತೀರ್ಮಾನಿಸಿದರು. 2005ರ ಏಪ್ರಿಲ್‌ನಲ್ಲಿ ಜ್ಯೂರಿ ಆಕೆಗೆ ಕೊಡಿಸಿದ್ದು 2 ಕೋಟಿ 90 ಲಕ್ಷ ಡಾಲರಿಗೂ ಮಿಕ್ಕಿ!

2006ರ ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟುಗಳ ನಿಯಮಗಳಲ್ಲೇ ಎಲೆಕ್ಟ್ರಾನಿಕ್ ಮಾಹಿತಿಗೆ ಜಾಗ ಸಿಕ್ಕಿತು. 2015ರಲ್ಲಿ ಮತ್ತೆ ತಿದ್ದುಪಡಿಯಾಗಿ, ಎದುರಾಳಿಗೆ ಸಿಗಬಾರದು ಅಂತ ಬೇಕೆಂದೇ ಅಳಿಸಿದ್ದರೆ ಮಾತ್ರ ಇಂಥ ಕಠಿಣ ಶಿಕ್ಷೆ ಅಂತಾಯಿತು. ಬರೀ ಅಜಾಗರೂಕತೆ ಸಾಲದು.

ಇದನ್ನೆಲ್ಲ ಯಾಕೆ ಕೊರೀತಿದ್ದೀನಿ ಅಂದರೆ, ಇಲ್ಲಿ ಕೆಲಸ ಹೋಗುವಾಗ ಬಹಳ ಕಡೆ ಅದೇ ಗಳಿಗೆಯಲ್ಲಿ ಲಾಗಿನ್ನೂ ಹೋಗುತ್ತೆ, ಲ್ಯಾಪ್‌ಟಾಪೂ ಹೋಗುತ್ತೆ. ಎಚ್-1ಬಿ ವೀಸಾದವರಿಗೆ ಇನ್ನೊಂದು ದಾರಿ ಹುಡುಕೋದಕ್ಕೆ ಸಿಗೋದು ಹೆಚ್ಚೆಂದರೆ 60 ದಿನ. ಆ ಗಾಬರಿಯಲ್ಲಿ, ಅಥವಾ ಅದರ ಸುಳಿವು ಸಿಕ್ಕ ಕೂಡಲೇ, ಆಫೀಸಿನ ಮೇಲ್‌ಗಳನ್ನೆಲ್ಲ ಸ್ವಂತ ಜೀಮೇಲ್‌ಗೆ ಕಳಿಸಿಬಿಡೋಣ ಅನ್ನಿಸೋದು ಸಹಜ. ದಯವಿಟ್ಟು ಆ ಕೆಲಸ ಮಾಡಬೇಡಿ! ನ್ಯಾಶ್‌ವಿಲ್ಲಿನ ಪತ್ರಿಕೆಯೊಂದರಲ್ಲಿದ್ದ ಕ್ರಿಸ್ಟೀನ್ ಮೆಕೆನನ್ ತಮ್ಮ ರಕ್ಷಣೆಗೆ ಅಂತ ಕಂಪನಿಯ ಗೌಪ್ಯ ಕಾಗದಗಳ ನಕಲು ಮಾಡಿಕೊಂಡಿದ್ದರು. ಅಷ್ಟಕ್ಕೇ ಕೇಸು ಬಿದ್ದುಹೋಗೋದಿಲ್ಲ ಅಂತ 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ನಿಜ. ಆದರೆ ಅಂಥವರಿಗೆ ಸಾಮಾನ್ಯವಾಗಿ ಕೆಲಸ ವಾಪಸ್ ಕೊಡಿಸೋದಿಲ್ಲ, ಮುಂದಿನ ಸಂಬಳದ ಪರಿಹಾರವೂ ಇಲ್ಲ ಅಂತ ಅದೇ ತೀರ್ಪು ಹೇಳುತ್ತೆ. ಅವರದ್ದು ಕಾಗದ, ನಮ್ಮದು ಫಾರ್ವರ್ಡ್ ಬಟನ್ನು, ಅಷ್ಟೇ ವ್ಯತ್ಯಾಸ.

ಮತ್ತೇನು ಮಾಡೋದು? ಯಾರು, ಯಾವತ್ತು, ಏನಂದರು ಅಂತ ಸ್ವಂತ ಡೈರಿಯಲ್ಲಿ ಅವತ್ತವತ್ತೇ ಬರೆದಿಡಿ. ಯಾವ ಮೇಲ್, ಯಾರಿಂದ, ಯಾವ ವಾರ ಅನ್ನೋದು ನೆನಪಿದ್ದರೆ ಸಾಕು, ಕೇಳಿ ತರಿಸೋದು ವಕೀಲರ ಕೆಲಸ. ಏನನ್ನೂ ಅಳಿಸಬೇಡಿ ಅಂತ ಕಂಪನಿಗೆ ಬೇಗ ಒಂದು ಪತ್ರ ಬರೆಸಿ. ಇಇಒಸಿಗೆ ದೂರು ಕೊಡೋದಕ್ಕೆ 180 ದಿನ, ಹಲವು ರಾಜ್ಯಗಳಲ್ಲಿ 300 ದಿನ ಗಡುವು, ಅದನ್ನೂ ಮರೀಬೇಡಿ. ಮತ್ತೆ, ಉಳಿಸಿಕೊಳ್ಳುವ ಹೊಣೆ ನಮಗೂ ಇದೆ. ಸಿಟ್ಟಿನಲ್ಲಿ ಬಾಸನ್ನು ಬೈದ ವಾಟ್ಸಾಪ್ ಮೆಸೇಜು ನಾಚಿಕೆ ಅನ್ನಿಸಿದರೂ ಫೋನಿನಲ್ಲೇ ಇರಲಿ, ಅದನ್ನು ಅಳಿಸಿದರೆ ಕೋರ್ಟಿನಲ್ಲಿ ತಪ್ಪಿತಸ್ಥರು ನಾವಾಗ್ತೀವಿ.

ನಾನು ವಕೀಲನಲ್ಲ, ಟೇಪು ಕಾಯೋನು. ಇಷ್ಟು ವರ್ಷದಲ್ಲಿ ಕಂಡುಕೊಂಡಿದ್ದು ಇಷ್ಟೇ: ನೀವು ಅಳಿಸಿದ್ದು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಉಳಿದಿರುತ್ತೆ. ಆದರೆ ಟೇಪಿಗೂ ಒಂದು ಆಯಸ್ಸಿದೆ, ಸರದಿ ಬಂದಾಗ ಅದರ ಮೇಲೆ ಹೊಸದನ್ನು ಬರೀತೀವಿ. ಅಷ್ಟರೊಳಗೆ ಯಾರಾದರೂ ಬೇಡ ಅನ್ನಬೇಕು.