ಏಳು ವರ್ಷದ ಮಗುವೂ ಪರಮಪ್ರಸಾದವೂ

ನಾಣ್ಯದಂತೆ ದುಂಡಗಿನ, ಬಿಳಿಯ, ತೆಳುವಾದ ರೊಟ್ಟಿ. ಗೋಧಿ ಹಿಟ್ಟು, ನೀರು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಹುಳಿ ಬರಿಸಿರುವುದೂ ಇಲ್ಲ. ಬಲಿಪೂಜೆಯಲ್ಲಿ ಗುರುಗಳು ಯೇಸುಸ್ವಾಮಿ ಕಡೆಯ ಭೋಜನದಲ್ಲಿ ಆಡಿದ ಮಾತುಗಳನ್ನು ಉಚ್ಚರಿಸಿದ ಮೇಲೆ ಅದು ಸ್ವಾಮಿಯ ಶರೀರವೇ ಆಗುತ್ತದೆ ಎಂಬುದು ಕಥೋಲಿಕ ಕ್ರೈಸ್ತರ ವಿಶ್ವಾಸ. ಬಣ್ಣ, ರುಚಿ, ತೂಕ ಯಾವುದೂ ಬದಲಾಗುವುದಿಲ್ಲವೆಂದು ಧರ್ಮಸಭೆಯೇ ಹೇಳುತ್ತದೆ. ಹಾಗಾಗಿ ಪ್ರಯೋಗಶಾಲೆಯ ತಕ್ಕಡಿಗೆ ಇಲ್ಲಿ ಕೆಲಸವಿಲ್ಲ. ನಾಲಿಗೆಗೆ ತಿಳಿಯದ ಈ ವ್ಯತ್ಯಾಸವನ್ನು ಮಗು ಯಾವ ವಯಸ್ಸಿನಲ್ಲಿ ಗ್ರಹಿಸಬಲ್ಲದು?

1215ರ ಲ್ಯಾಟರನ್ ಮಹಾಸಭೆ, ವಿವೇಕ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ, ಈಸ್ಟರ್ ಕಾಲದಲ್ಲಾದರೂ ಪರಮಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು. ವಿವೇಕ ಬರುವುದು ಎಷ್ಟನೆಯ ವಯಸ್ಸಿಗೆ ಎಂಬಲ್ಲಿ ತೊಡಕು ಹುಟ್ಟಿತು. ಕಾಲ ಸರಿದಂತೆ ಕೆಲವೆಡೆ ಅದು 10, ಕೆಲವೆಡೆ 12, ಮತ್ತೆ ಕೆಲವೆಡೆ 14 ಎಂದಾಯಿತು. 17ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹಬ್ಬಿದ ಜಾನ್ಸೆನ್ ಪಂಥದ ಕಟ್ಟುನಿಟ್ಟಿನಿಂದ ದೊಡ್ಡವರೂ ಹತ್ತಿರ ಹೋಗಲು ಅಂಜಿದರು. ಗೌರವವೇನೋ ಇತ್ತು, ಆದರೆ ಅದು ದೂರ ನಿಲ್ಲಿಸುವ ಗೌರವ.

ಇದನ್ನು ಬದಲಿಸಿದವರು ಪೋಪ್ ಹತ್ತನೆಯ ಪಯಸ್. ಇಟಲಿಯ ರಿಯೇಸೆ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ 1835ರಲ್ಲಿ ಹುಟ್ಟಿದ ಅವರು 1903ರಲ್ಲಿ ಪೋಪ್ ಆದರು. ಯೋಗ್ಯ ಸಿದ್ಧತೆಯಿದ್ದವರು ಪ್ರತಿದಿನವೂ ಪರಮಪ್ರಸಾದ ಸ್ವೀಕರಿಸಬಹುದೆಂದು 1905ರಲ್ಲಿ ಸಾರಿದರು. 1910ರ ಆಗಸ್ಟ್ 8ರ ಆದೇಶದಲ್ಲಿ ಮಕ್ಕಳಿಗೆ ಸುಮಾರು ಏಳು ವರ್ಷ ಸಾಕೆಂದರು. ತನ್ನ ಬುದ್ಧಿಗೆ ಎಟುಕುವಷ್ಟು ಧರ್ಮದ ಮುಖ್ಯ ಸತ್ಯಗಳನ್ನು ಮಗು ತಿಳಿದಿರಬೇಕು. ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ಭೇದವನ್ನು ಅರಿತಿರಬೇಕು. ಪೂರ್ಣ ಪಾಂಡಿತ್ಯ ಬೇಕಿಲ್ಲ. ಮಗುವನ್ನು ಸಿದ್ಧಪಡಿಸುವ ಹೊಣೆಯಲ್ಲಿ ತಂದೆತಾಯಿಗಳಿಗೂ ಪಾಲಿದೆ.

ಚಿಕ್ಕ ವಯಸ್ಸಿನಲ್ಲಿ ಕೊಟ್ಟರೆ ಭಕ್ತಿ ಹಗುರವಾಗುವುದಿಲ್ಲವೇ? ಈ ಅನುಮಾನಕ್ಕೆ ಕಾರ್ಲೋ ಅಕುಟಿಸ್‌ನ ಬದುಕನ್ನು ನೋಡಬಹುದು. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಇಟಲಿಯ ಮಿಲಾನಿನಲ್ಲಿ ಬೆಳೆದ ಈ ಹುಡುಗ 1998ರಲ್ಲಿ, ಏಳರ ವಯಸ್ಸಿನಲ್ಲಿ, ಮೊದಲ ಪರಮಪ್ರಸಾದ ಸ್ವೀಕರಿಸಿದ. ನಂತರ ದಿನವೂ ಬಲಿಪೂಜೆಗೆ ಹೋಗುವುದನ್ನು ರೂಢಿಸಿಕೊಂಡ. ಕಂಪ್ಯೂಟರಿನಲ್ಲಿ ಪಳಗಿದ್ದ ಅವನು ಪರಮಪ್ರಸಾದಕ್ಕೆ ಸಂಬಂಧಿಸಿದ ಪವಾಡಗಳೆಂದು ಹೇಳಲಾಗುವ ಘಟನೆಗಳ ವಿವರ ಕಲೆಹಾಕಿ ಪ್ರದರ್ಶನವನ್ನೇ ಸಿದ್ಧಪಡಿಸಿದ. ಮೊದಲು ಚರ್ಚಿಗೆ ಅಷ್ಟಾಗಿ ಹೋಗದಿದ್ದ ಅವನ ತಾಯಿ, ಮಗನ ಪ್ರಶ್ನೆಗಳಿಗೆ ಉತ್ತರಿಸಲು ದೈವಶಾಸ್ತ್ರ ಓದತೊಡಗಿದರು. 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಕಾರ್ಲೋಗೆ 15 ವರ್ಷ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೆಯ ಲಿಯೋ ಅವನನ್ನು ಸಂತನೆಂದು ಘೋಷಿಸಿದರು.

ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆಯ ಉಪವಾಸವಿದೆ. ನೀರು, ಔಷಧಿಗೆ ಅಡ್ಡಿಯಿಲ್ಲ. ಈ ನಿಯಮವನ್ನು ಮಗುವಿಗೆ ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಅಪ್ಪ ಅಮ್ಮ ತಾವೇ ಆ ಒಂದು ಗಂಟೆಯನ್ನು ಪಾಲಿಸಿ, ಸ್ವೀಕರಿಸಿದ ನಂತರ ಅವಸರದಿಂದ ಹೊರಡದೆ ಎರಡು ನಿಮಿಷ ಮೌನವಾಗಿ ಕುಳಿತರೆ, ಮಗು ಅದನ್ನು ನೋಡಿ ಕಲಿಯುತ್ತದೆ. ನಾಲಿಗೆ ಹೇಳದ ಭೇದ ಅದಕ್ಕೆ ತಿಳಿಯುವುದು ಹೀಗೆಯೇ.