ಹುಡುಗರು ಹೊರಟ ಮೇಲೆ ಲ್ಯಾಬ್ ಏನಾಗುತ್ತೆ?

ಚೆನ್ನೈನಲ್ಲಿರೋರಿಗೆ ಇದು ಗೊತ್ತಿರಬಹುದು, ಪುಣೆ, ಹೈದರಾಬಾದ್‌ನವರಿಗಾಗಿ ಹೇಳ್ತೀನಿ. ಐಐಟಿ ಮದ್ರಾಸ್‌ನಲ್ಲಿ ಹಾಸ್ಟೆಲ್‌ಗಳಿಗೆ ನದಿಗಳ ಹೆಸರು. ಕಾವೇರಿ, ಕೃಷ್ಣಾ ಇರಲಿ, ಶರಾವತಿ, ತುಂಗಾ, ಭದ್ರಾ ಕೂಡ ಇವೆ! ಮೊದಲ ಸಲ ಹೋದಾಗ, ಜಿಂಕೆಗಳು ರಸ್ತೆ ಪಕ್ಕ ಮೇಯ್ತಾ ಇರೋ ಆ ಕ್ಯಾಂಪಸ್ಸಲ್ಲಿ ‘ಶರಾವತಿ’ ಅನ್ನೋ ಹೆಸರು ನೋಡಿ ಸಾಗರದ ಕಡೆಯವನಾದ ನನಗೆ ಊರಿಗೆ ಬಂದಷ್ಟೇ ಖುಷಿ ಆಗಿತ್ತು.

ನಾನು ಎಂಟೆಕ್ ಮಾಡಿದ್ದು ಅಲ್ಲಿ ಅಲ್ಲ, ಬೇರೆ ಕಡೆ. ಎರಡು ವರ್ಷದ ಎಂಟೆಕ್ ಹೇಗಿರುತ್ತೆ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಮೊದಲ ವರ್ಷ ಪೂರ್ತಿ ಕೋರ್ಸು, ಟಿಎ ಕೆಲಸ. ಎರಡನೇ ವರ್ಷ ಥೀಸಿಸ್ ಕೈಗೆತ್ತಿಕೊಳ್ಳೋ ಹೊತ್ತಿಗೆ ಡಿಸೆಂಬರಿನ ಪ್ಲೇಸ್‌ಮೆಂಟ್ ಎದುರಿಗೆ ಬಂದು ನಿಂತಿರುತ್ತೆ. ಆಫರ್ ಕೈಗೆ ಬಂದ ಮೇಲೆ ಥೀಸಿಸ್ ಅನ್ನೋದು ಮುಗಿಸಬೇಕಾದ ಒಂದು ಫಾರ್ಮಾಲಿಟಿ. ನಂದೂ ಹಾಗೇ ಆಯ್ತು. ವೈವಾ ಮುಗೀತು, ಕೋಡು ‘ಫೈನಲ್ ಫೈನಲ್ 2’ ಅನ್ನೋ ಫೋಲ್ಡರ್‌ಗೆ ಹೋಯ್ತು, ನಾನು ಕಂಪನಿಗೆ ಹೋದೆ. ಗೈಡ್ ಕೇಳಲಿಲ್ಲ, ನಾನೂ ಕೊಡಲಿಲ್ಲ. ತಪ್ಪು ನಂದೇ, ಅದರಲ್ಲಿ ಅನುಮಾನ ಇಲ್ಲ.

ಹಾಗಾದ್ರೆ ಪ್ರತಿ ವರ್ಷ ಕೆಲಸ ಕಲಿತವರು ಹೊರಟುಹೋಗೋ ಜಾಗದಲ್ಲಿ ಸಂಶೋಧನೆ ಬದುಕೋದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ. ಐಐಟಿ ಮದ್ರಾಸ್‌ನ ಉದಾಹರಣೆ ತಗೊಳ್ಳೋಣ.

1990ರ ದಶಕಕ್ಕೆ ಹೋಗಿ. ಮನೆಗೆ ಲ್ಯಾಂಡ್‌ಲೈನ್ ಬೇಕು ಅಂದ್ರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಎಕ್ಸ್‌ಚೇಂಜಿನಿಂದ ಮನೆತನಕ ಎಳೆಯೋ ತಾಮ್ರದ ತಂತಿಗೇ ಭಾರೀ ಖರ್ಚು, ಹೆಚ್ಚು ಕೆಡೋದೂ ಅದೇ. ಪ್ರೊಫೆಸರ್ ಅಶೋಕ್ ಜುಂಜುನ್‌ವಾಲಾ ಮತ್ತು ಅವರ ಜೊತೆಗಾರರ ಟೆನೆಟ್ ಗುಂಪು ಆ ಕೊನೆಯ ತುಂಡನ್ನ ರೇಡಿಯೋದಲ್ಲಿ ಮಾಡೋಣ ಅಂತ ಹೊರಟಿತು. ಅದರ ಹೆಸರು ಕಾರ್‌ಡೆಕ್ಟ್. ಮಾತಾಡ್ತಾ ಇರುವಾಗಲೇ ಸೆಕೆಂಡಿಗೆ 35 ಕಿಲೋಬಿಟ್ ಇಂಟರ್ನೆಟ್ಟೂ ಸಿಗ್ತಿತ್ತು, ಮಾತಾಡದಿದ್ದಾಗ 70. ಈಗ ನಗು ಬರುತ್ತೆ, ಆಗ ಹಳ್ಳಿಗೆ ಅದು ದೊಡ್ಡ ವಿಷಯ.

ಇದರಲ್ಲಿ ನಂಗೆ ಮುಖ್ಯ ಅನ್ಸೋದು ಆ ಸ್ಪೀಡ್ ಅಲ್ಲ. ಈ ಸಿಸ್ಟಮ್ ಕಟ್ಟೋದರಲ್ಲಿ ಲ್ಯಾಬಿನ ಜೊತೆ ಕೈಜೋಡಿಸಿದ್ದು ಮಿಡಾಸ್ ಅನ್ನೋ ಕಂಪನಿ, ಅದನ್ನ ಶುರು ಮಾಡಿದವರು ಅದೇ ಕ್ಯಾಂಪಸ್ಸಿನ ಹಳೇ ವಿದ್ಯಾರ್ಥಿಗಳು. ಅಂದ್ರೆ ಹುಡುಗರು ಹೊರಟರೂ ಅವರಿಗೆ ಗೊತ್ತಿದ್ದ ವಿಷಯ ಕ್ಯಾಂಪಸ್ಸಿನ ಆಸುಪಾಸಲ್ಲೇ ಉಳೀತು. ಮುಂದೆ ಮೊಬೈಲ್ ಅಗ್ಗ ಆಗಿ ಕಾರ್‌ಡೆಕ್ಟ್ ಹಿಂದೆ ಬಿತ್ತು, ಅದು ನಿಜ. ಆದರೆ ಆ ಕೆಲಸದ ರೀತಿ ಸಾಯಲಿಲ್ಲ.

ಟೈಡೆಲ್ ಪಾರ್ಕ್ ಕಡೆ ಕೆಲಸಕ್ಕೆ ಹೋಗೋರು ತರಮಣಿಯಲ್ಲಿ ಐಐಟಿಎಂ ರಿಸರ್ಚ್ ಪಾರ್ಕ್ ನೋಡಿಯೇ ಇರ್ತೀರಿ. ಇದೂ ಒಂದು ಟೆಕ್ ಪಾರ್ಕ್ ಅಂತ ನಾನು ತುಂಬಾ ದಿನ ಅಂದ್ಕೊಂಡಿದ್ದೆ. 2010ರಲ್ಲಿ ಶುರುವಾದ ಇದರಲ್ಲಿ ಜಾಗ ಹಿಡಿಯೋ ಕಂಪನಿಗೆ ಬಾಡಿಗೆ ಕಟ್ಟಿದರೆ ಸಾಲದು, ಕ್ರೆಡಿಟ್ ಗಳಿಸಬೇಕು. ಪ್ರೊಫೆಸರ್ ಜೊತೆ ಪ್ರಾಜೆಕ್ಟ್ ಮಾಡಿದರೆ, ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟರೆ, ತಮ್ಮ ಉದ್ಯೋಗಿಗಳನ್ನ ಅಲ್ಲೇ ಓದಿಗೆ ಸೇರಿಸಿದರೆ ಕ್ರೆಡಿಟ್. ನಮಗೆಲ್ಲ ಓದುವಾಗ ಕ್ರೆಡಿಟ್ ಕಾಟ ಇತ್ತಲ್ಲ, ಇಲ್ಲಿ ಅದು ಕಂಪನಿಗೂ ಇದೆ! ಮನೆ ಪಕ್ಕದಲ್ಲಿ ಇದ್ದ ಮಾತ್ರಕ್ಕೆ ಯಾರೂ ಮಾತಾಡ್ಸಲ್ಲ, ಮಾತಾಡ್ಸೋಕೆ ಒಂದು ಕಾರಣ ಬೇಕು ಅಂತ ಇದನ್ನ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು.

ಬೆಂಗಳೂರಿನ ರಸ್ತೆ ತುಂಬಾ ಓಡೋ ಏಥರ್ ಸ್ಕೂಟರ್ ನೋಡಿ. ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ ಇಬ್ಬರೂ ಐಐಟಿ ಮದ್ರಾಸ್‌ನಲ್ಲಿ ಎಂಜಿನಿಯರಿಂಗ್ ಡಿಸೈನ್ ಓದಿದವರು. 2013ರಲ್ಲಿ ಕಂಪನಿ ಮಾಡಿದಾಗ ಜಾಗ ಸಿಕ್ಕಿದ್ದು ಅಲ್ಲಿನ ಇನ್‌ಕ್ಯುಬೇಟರ್‌ನಲ್ಲಿ. ಶುರುವಿನಲ್ಲೇ ಹಣ ಹಾಕಿದವರಲ್ಲಿ ಏರೋಸ್ಪೈಕ್ ಡೇಟಾಬೇಸ್ ಕಟ್ಟಿದ ಶ್ರೀನಿ ಶ್ರೀನಿವಾಸನ್ ಒಬ್ಬರು, ಅವರೂ ಅಲ್ಲಿಯ ಹಳೇ ವಿದ್ಯಾರ್ಥಿ. ಕಂಪನಿ ಆಮೇಲೆ ಬೆಂಗಳೂರಿಗೆ ಬಂತು.

ಇನ್ನು ದೊಡ್ಡ ದೇಣಿಗೆಗಳ ಸುದ್ದಿ ಪೇಪರಲ್ಲಿ ಓದೇ ಓದ್ತೀರಿ. ನಂದನ್ ನಿಲೇಕಣಿ 2023ರಲ್ಲಿ ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ಕೊಟ್ಟರು. ಅದಕ್ಕೆ ಒಂದು ವರ್ಷ ಮೊದಲು, ರೋಹಿಣಿಯವರ ಜೊತೆ, ತಾವು ಓದದ ಐಐಟಿ ಮದ್ರಾಸ್‌ಗೆ 36 ಕೋಟಿ ಕೊಟ್ಟಿದ್ದರು, ಎಐ4ಭಾರತ್ ಅನ್ನೋ ಕೇಂದ್ರಕ್ಕೆ. ನನಗೆ ಈ ಎರಡನೇದೇ ಹೆಚ್ಚು ಇಷ್ಟ. ಅಲ್ಲಿಂದ ಬಂದ ಇಂಡಿಕ್‌ಟ್ರಾನ್ಸ್2 ಅನ್ನೋ ಅನುವಾದದ ಮಾಡೆಲ್ ಕನ್ನಡ ಸೇರಿ 22 ಭಾಷೆಗೆ ಕೆಲಸ ಮಾಡುತ್ತೆ, ಯಾರು ಬೇಕಾದ್ರೂ ಇಳಿಸಿಕೊಂಡು ಕೋಡ್ ನೋಡಬಹುದು. ಅಲ್ಲಿಯ ಶಕ್ತಿ ಪ್ರೊಸೆಸರ್ ಕೂಡ ಹಾಗೇ, ಓಪನ್ ಸೋರ್ಸ್. ನೀವು ಆ ಕ್ಯಾಂಪಸ್ಸಿನವರು ಆಗಿರಲೇಬೇಕು ಅಂತಿಲ್ಲ. ಒಂದು ಲ್ಯಾಬ್ ತನ್ನ ಕೆಲಸನ ತೆರೆದು ಇಟ್ಟಾಗ ಮುಂದೆ ಬರೋ ಹುಡುಗನಿಗೆ ಹಳೇ ಹುಡುಗನ ಫೋನ್ ನಂಬರ್ ಬೇಕಾಗಲ್ಲ. ನನ್ನ ಫೋಲ್ಡರ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ.

ಅಂದಹಾಗೆ, ಅಲುಮ್ನಿ ಮೀಟ್‌ಗಳಿಗೆ ನಾನು ಹೋಗಿದ್ದೀನಿ. ಬಿಟೆಕ್‌ನವರಿಗೆ ನಾಲ್ಕು ವರ್ಷದ ಹಾಸ್ಟೆಲ್ ಕಥೆ ಇರುತ್ತೆ, ನಮಗೆ ಅಷ್ಟು ಕಥೆ ಇರಲ್ಲ. ಒಂದು ಮೂಲೆಯಲ್ಲಿ ನಾಲ್ಕು ಜನ ಎಂಟೆಕ್‌ನವರು ಹೋಮ್ ಲೋನ್ ಬಡ್ಡಿ ಬಗ್ಗೆ ಮಾತಾಡ್ತಾ ಊಟ ಮುಗಿಸಿ ಬರ್ತೀವಿ. ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ಕೂಡ ಐಐಟಿ ಮದ್ರಾಸ್‌ನಲ್ಲಿ ಎಂಟೆಕ್ ಮಾಡಿದವರು ಅನ್ನೋದು ನಮ್ಮ ಮೂಲೆಯ ದೊಡ್ಡ ಸಮಾಧಾನ.

ಹೋದ ತಿಂಗಳು ನನ್ನ ಹಳೇ ಲ್ಯಾಬಿನ ಒಬ್ಬ ಹುಡುಗಿ ಮೇಲ್ ಮಾಡಿದ್ದಳು. ‘ಸರ್, ನಿಮ್ಮ ಥೀಸಿಸ್ ಲೈಬ್ರರಿಯಲ್ಲಿ ಸಿಕ್ತು. ನಾಲ್ಕನೇ ಚಾಪ್ಟರ್‌ನ ರಿಸಲ್ಟ್ ನಂಗೆ ಬರ್ತಾ ಇಲ್ಲ, ಕೋಡ್ ಇದೆಯಾ?’ ಹತ್ತು ವರ್ಷದ ಹಿಂದಿನ ಕೋಡು. ಮೂರು ಶನಿವಾರ ಕೂತೆ. ಅರ್ಧ ಲೈಬ್ರರಿಗಳು ಈಗ ಇಲ್ಲವೇ ಇಲ್ಲ. ನಾಲ್ಕನೇ ಚಾಪ್ಟರ್‌ನ ಒಂದು ಟೇಬಲ್‌ನಲ್ಲಿ ನಾನೇ ತಪ್ಪು ಮಾಡಿದ್ದೆ ಅಂತ ಈಗ ಗೊತ್ತಾಯ್ತು, ಅದನ್ನೂ ಅವಳಿಗೆ ಬರೆದು ಹೇಳಿದೆ. ಡೇಟಾ ಮಾತ್ರ ಒಂದು ಹಳೇ ಹಾರ್ಡ್ ಡಿಸ್ಕಲ್ಲಿದೆ, ಅದು ಊರಲ್ಲಿ ಅಟ್ಟದ ಮೇಲೆ. ಅಮ್ಮನಿಗೆ ಫೋನ್ ಮಾಡಿದೀನಿ, ಹುಡುಕ್ತಾ ಇದಾರೆ.